ಜಲಜಕ್ಕನ ಪಂಕ್ತಿ

ಜಲಜಕ್ಕನಿಗೆ ‘ಸಾಕು’ ಅನ್ನುವ ಮಾತು ಕೇಳಿಸುತ್ತಿರಲಿಲ್ಲ. ಕಿವಿ ಚೆನ್ನಾಗಿಯೇ ಇತ್ತು. ಒಳಗೆ ಎಣ್ಣೆ ಕಾದದ್ದು, ಗಲ್ಲಿಯ ತುದಿಯಲ್ಲಿ ಹಾಲಿನವನ ಬೈಕು ನಿಂತದ್ದು ಎಲ್ಲ ಅವರಿಗೆ ಕೇಳಿಸುತ್ತಿತ್ತು. ಎಲೆಯ ಮುಂದೆ ಕೂತವರು ಸಾಕು ಅಂದರೆ ಮಾತ್ರ ಆ ಕಿವಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಮೊದಲನೇ ಸಾಕು ಮರ್ಯಾದೆಗೆ, ಎರಡನೇದು ನಾಚಿಕೆಗೆ. ಮೂರನೇ ಸಲ ಎರಡೂ ಕೈ ಎಲೆಗೆ ಅಡ್ಡ ಬಂದರೆ ಆಗ ನೋಡೋಣ ಅನ್ನುವುದು ಅವರ ಲೆಕ್ಕ. ಬೆಂಗಳೂರಿನಿಂದ ಜೋಗ ನೋಡಲು ಬಂದ ಹುಡುಗರಿಗೆ ಈ ಲೆಕ್ಕ ಎಲ್ಲಿ ಗೊತ್ತು? ಒಂದು ಸಲ ಸಾಕು ಅಂದು ಸುಮ್ಮನಾಗುತ್ತಿದ್ದರು. ಕಣ್ಣು ಮುಚ್ಚಿ ಬಿಡುವುದರೊಳಗೆ ಎಲೆ ಮತ್ತೆ ತುಂಬಿರುತ್ತಿತ್ತು. ಬಿಲ್ಲು ಎಷ್ಟಾಗುತ್ತದೋ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಜಲಜಕ್ಕ, ‘ದುಡ್ಡು ಎಲೆಗೆ, ಹೊಟ್ಟೆಗಲ್ಲ. ಉಣ್ಣಿ’ ಅನ್ನುತ್ತಿದ್ದರು.

ಇಂಥ ಜಾಗ ಸಾಗರದಲ್ಲಿ ಇದೆ ಅಂತ ನನಗೆ ಎಪ್ಪತ್ತು ತುಂಬುವ ತನಕ ಗೊತ್ತಿರಲಿಲ್ಲ. ನಮ್ಮದು ಹೊಸನಗರದ ಕಡೆ ಹಳ್ಳಿ. ಸಾಗರಕ್ಕೆ ಬಂದರೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಚಹಾ ಕುಡಿದು ವಾಪಸು. ಈಗಂತೂ ಜೋಗ ತುಂಬಿತು ಅಂತ ಸುದ್ದಿಯಾದರೆ ಸಾಕು, ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಂದವರಿಗೆ ಬೇಕಂತೆ ಅಂತ ಹೋಟೆಲಿನವರೆಲ್ಲ ಗೋಬಿ, ನೂಡಲ್ಸು ಮಾಡುತ್ತಾರೆ. ಎಲ್ಲಿ ಕೂತು ತಿಂದರೂ ಒಂದೇ ರುಚಿ.

ನಾವು ಅಲ್ಲಿಗೆ ಹೋದದ್ದು ಊಟ ಹುಡುಕಿಕೊಂಡಲ್ಲ, ಮೊಮ್ಮಗಳನ್ನು ತೋರಿಸುವುದಕ್ಕೆ. ನನ್ನ ಮಗ ರವಿಯ ಮಗಳು ಚೈತ್ರಾ ಸಾಗರದಲ್ಲೇ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಹುಡುಗನ ಮನೆಯವರು ತೀರ್ಥಹಳ್ಳಿ ಹತ್ತಿರದವರು. ಹುಡುಗನಿಗೆ ಕಾರ್ಗಲ್‌ನಲ್ಲಿ ಕರೆಂಟಿನ ಕೆಲಸ. ಹಿಂದಿನ ಕಾಲದ ಹಾಗೆ ಹುಡುಗಿಯ ಮನೆಗೆ ಬಂದು ಉಪ್ಪಿಟ್ಟು ತಿಂದು ಹೋಗುವುದು ಈಗ ಇಲ್ಲವಂತೆ. ಸಾಗರದ ಒಂದು ದೊಡ್ಡ ಹೋಟೆಲಿನಲ್ಲಿ ಎಲ್ಲರೂ ಸೇರಿ ಊಟ ಮಾಡೋಣ, ಹುಡುಗ ಹುಡುಗಿ ಮಾತಾಡಲಿ ಅಂತ ಅವರೇ ಹೇಳಿ ಕಳಿಸಿದ್ದರು.

ನಾನು, ರವಿ ಇಳಿಯುವಾಗ ಬಸ್‌ಸ್ಟ್ಯಾಂಡಿಗೆ ಚೈತ್ರಾ ಬಂದಿದ್ದಳು. ಅವರಪ್ಪ ನೀರಿನ ಬಾಟಲಿ ತರಲು ಅತ್ತ ಹೋದದ್ದೇ ತಡ, ನನ್ನ ಸೆರಗು ಹಿಡಿದುಕೊಂಡಳು. ಹುಡುಗನ ಫೋಟೋ ನೋಡಿದ್ದೇನೆ, ಬೇಡ ಅನ್ನುವಂಥದ್ದೇನಿಲ್ಲ, ಆದರೆ ಓದು ಇನ್ನೊಂದು ವರ್ಷ ಇದೆ, ಅವರು ದೀಪಾವಳಿ ಕಳೆದ ಕೂಡಲೇ ಮದುವೆ ಅನ್ನುತ್ತಿದ್ದಾರೆ, ಅಪ್ಪನ ಎದುರು ಹೇಳಲು ಬಾಯಿ ಬರುವುದಿಲ್ಲ ಅಂತ ಒಂದೇ ಉಸಿರಿಗೆ ಹೇಳಿದಳು. ನಾನು ಆಟೋದಲ್ಲಿ ಕೂತಾಗ ರವಿಗೆ ಸೂಕ್ಷ್ಮವಾಗಿ ತಿಳಿಸಿದೆ. ‘ಮದ್ವೆ ಆದ್ಮೇಲೂ ಓದ್ಬಹುದಮ್ಮ, ನೀನು ಸುಮ್ನಿರು’ ಅಂದ. ಒಳ್ಳೆಯ ಸಂಬಂಧ ಕೈತಪ್ಪಿದರೆ ಅನ್ನುವ ಹೆದರಿಕೆ ಅವನಿಗೆ.

ಆ ದಿನ ಗುರುವಾರ, ಮೇಲಾಗಿ ಸರ್ಕಾರಿ ರಜೆ. ಹೇಳಿದ್ದ ಹೋಟೆಲಿನ ಮೆಟ್ಟಿಲ ಮೇಲೂ ಜನ. ಹುಡುಗ, ಅವನ ಅಪ್ಪ, ಅಮ್ಮ ಮೂವರೂ ಹೊರಗೇ ನಿಂತಿದ್ದರು. ಎರಡು ಮೂರು ಕಡೆ ಹೋಗಿ ನೋಡಿದೆವು, ಎಲ್ಲೂ ಕುರ್ಚಿ ಇಲ್ಲ. ಹುಡುಗನ ಅಪ್ಪ ಗೌಡರು ಗಳಿಗೆಗೊಮ್ಮೆ ಗಡಿಯಾರ ನೋಡುವವರು. ಒಂದೂವರೆಗೆ ರಾಹುಕಾಲ, ಅದರೊಳಗೆ ವೀಳ್ಯ ಬದಲಾಯಿಸಿ ಮಾತು ಮುಗಿಸಬೇಕು ಅಂತ ಅವರ ಚಡಪಡಿಕೆ. ಕೊನೆಗೆ ಆಟೋದವನೇ, ಒಂದು ಜಾಗ ಇದೆ, ನೋಡೋಕೆ ಏನೂ ಇಲ್ಲ, ಊಟಕ್ಕೆ ಮೋಸ ಇಲ್ಲ ಅಂತ ಗಲ್ಲಿಯೊಳಗೆ ಕರೆದುಕೊಂಡು ಹೋದ.

ನೋಡುವುದಕ್ಕೆ ನಿಜವಾಗಿ ಏನೂ ಇರಲಿಲ್ಲ. ಹಂಚಿನ ಮನೆಯ ಮುಂದಿನ ಕೋಣೆ. ಉದ್ದಕ್ಕೆ ಒಂದು ಮೇಜು, ಎರಡು ಕಡೆ ಬೆಂಚು. ಹೊರಗೆ ‘ಕೆಫೆ’ ಅಂತ ಬೋರ್ಡು. ಜನ ಫೋನಿನಲ್ಲಿ ಅದನ್ನೇ ಹುಡುಕುತ್ತಾರೆ ಅಂತ ಜಲಜಕ್ಕನ ತಂಗಿಯ ಮಗ ಬರೆಸಿದ್ದಂತೆ. ಜಲಜಕ್ಕ ಒಂದು ದಿನವೂ ಆ ಮಾತು ಆಡಿದವರಲ್ಲ, ‘ನಮ್ಮನೆ’ ಅನ್ನುತ್ತಿದ್ದರು. ಅವರ ಗಂಡ ಮದುವೆ, ಮುಂಜಿಗಳ ಅಡುಗೆಗೆ ಹೋಗುತ್ತಿದ್ದವರು. ಗಂಡನ ಜೊತೆ ಇವರೂ ಮೂವತ್ತು ವರ್ಷ ಸಾವಿರಾರು ಪಂಕ್ತಿಗೆ ಬಡಿಸಿದ್ದಾರೆ. ಗಂಡ ತೀರಿಕೊಂಡ ಮೇಲೆ ಕೈ ಸುಮ್ಮನಿರದೆ ಈ ಕೋಣೆ ತೆರೆದರು. ನಮ್ಮ ಜೊತೆ ಪೇಟೆಯ ಮಾತನ್ನೇ ಆಡುತ್ತಿದ್ದರು. ಸಿಟ್ಟು ಬಂದರೆ, ಪ್ರೀತಿ ಬಂದರೆ ಅವರ ಮನೆಮಾತು ಹೊರಗೆ ಬೀಳುತ್ತಿತ್ತು.

ಗೌಡರು ಮೆನು ಕೇಳಿದರು. ‘ಮೆನು ಎಂತಕ್ಕೆ? ಒಲೆ ಮೇಲೆ ಇದ್ದಿದ್ದೇ ಮೆನು’ ಅಂದು ಎಲೆ ಹಾಸಿಯೇಬಿಟ್ಟರು.

ಆ ಊಟ ಏನು ಹೇಳಲಿ! ಒಂದೆಲಗದ ತಂಬುಳಿ, ಕಳಲೆ ಪಲ್ಯ, ಹಬೆಯಾಡುವ ಪತ್ರೊಡೆ. ಮಾವಿನಕಾಯಿಯ ಅಪ್ಪೆಹುಳಿ ಬಾಯಿಗಿಟ್ಟರೆ ನೆತ್ತಿಯ ತನಕ ಘಮ. ಅರುವತ್ತು ವರ್ಷ ಒಲೆಯ ಮುಂದೆ ನಿಂತವಳು ನಾನು, ಇನ್ನೊಬ್ಬರ ಅಡುಗೆಗೆ ಸುಲಭಕ್ಕೆ ತಲೆದೂಗುವವಳಲ್ಲ. ಅವತ್ತು ಬಂದ ಕೆಲಸವನ್ನೇ ಅರೆಗಳಿಗೆ ಮರೆತೆ. ಹುಡುಗನ ಅಮ್ಮ ಬೇಡ ಬೇಡ ಅನ್ನುತ್ತ ಮೂರು ಸಲ ಪತ್ರೊಡೆ ಹಾಕಿಸಿಕೊಂಡರು. ಪಕ್ಕದಲ್ಲಿ ಕೂತ ಪ್ರವಾಸಿ ಹುಡುಗಿ ಎಲೆಯ ಫೋಟೋ ಹೊಡೆಯುತ್ತಲೇ ಇದ್ದಳು. ‘ಫೋಟೋಕ್ಕೆ ಹಸಿವಿಲ್ಲ, ನಿಂಗೆ ಇದ್ದು. ಬಿಸಿ ಆರ್ತದೆ’ ಅಂತ ಅವಳಿಗೂ ಬಿತ್ತು.

ಚೈತ್ರಾ ಮಾತ್ರ ಉಣ್ಣುತ್ತಿರಲಿಲ್ಲ. ಅನ್ನವನ್ನು ಆ ಕಡೆಯಿಂದ ಈ ಕಡೆಗೆ ತಳ್ಳುತ್ತಿದ್ದಳು.

ಗೌಡರು ಗಬಗಬ ಉಂಡು ಮುಗಿಸಿದರು. ನಮಗೆ ಒಪ್ಪಿಗೆ, ದೀಪಾವಳಿ ಕಳೆದು ಇಟ್ಟುಕೊಳ್ಳೋಣ, ಕೈ ತೊಳೆದು ವೀಳ್ಯ ಬದಲಾಯಿಸೋಣ, ಇನ್ನು ಹತ್ತು ನಿಮಿಷ ಇದೆ ಅಂದರು. ವೀಳ್ಯದೆಲೆ, ಅಡಿಕೆ ಅವರ ಚೀಲದಲ್ಲೇ ಇತ್ತು. ಅದು ಕೈಬದಲಾದರೆ ಮುಗಿಯಿತು, ಆಮೇಲೆ ಯಾರೂ ಮಾತು ತಿರುಗಿಸುವ ಹಾಗಿಲ್ಲ. ರವಿ ಖುಷಿಯಲ್ಲಿ ಅರ್ಧ ಎದ್ದ. ಗೌಡರೂ ಎದ್ದರು. ಚೈತ್ರಾ ನನ್ನ ಮುಖ ನೋಡಿದಳು.

‘ಎಲ್ಲಿಗೆ ಹೊರಟ್ರಿ?’ ಒಳಗಿನಿಂದ ಸೌಟು ಹಿಡಿದುಕೊಂಡೇ ಜಲಜಕ್ಕ ಬಂದರು. ‘ಕೂತ್ಕಳಿ. ಕೂಸಿನ ಎಲೆ ನೋಡಿ.’ ಸೌಟು ಚೈತ್ರಾಳ ಕಡೆ ತಿರುಗಿತು.

‘ನಮಗೆ ಟೈಮಾಯ್ತಮ್ಮ’ ಅಂದರು ಗೌಡರು.

‘ಟೈಮು ನಿಮಗೆ ಆತು, ಕೂಸಿಗೆ ಆಜಿಲ್ಲೆ. ಒಂದೇ ಪಂಕ್ತಿಲಿ ಕೂತ ಮೇಲೆ ಒಬ್ರು ಉಣ್ತಾ ಇದ್ದಾಗ ಏಳೂದು ಎಂತ ಪದ್ಧತಿ?’

ಬೇರೆ ಯಾವ ಹೋಟೆಲಿನಲ್ಲಾದರೂ ಅದಕ್ಕೊಂದು ಉತ್ತರ ಇರುತ್ತಿತ್ತು. ಆದರೆ ಮಲೆನಾಡಿನಲ್ಲಿ ಹುಟ್ಟಿದ ಗಂಡಸು, ಎದುರಿಗೆ ಎಲೆ ಹಾಸಿ ಬಡಿಸಿದವರು ಪಂಕ್ತಿಯ ಮಾತು ಎತ್ತಿದರೆ ಎದ್ದು ಹೋಗುವುದು ಹೇಗೆ? ಗೌಡರು ಕೂತರು. ಎಂಜಲು ಕೈಯಲ್ಲಿ ವೀಳ್ಯ ಮುಟ್ಟುವ ಹಾಗೂ ಇಲ್ಲ. ಕೈಯನ್ನು ಎಲೆಯ ಮೇಲೇ ಇಟ್ಟುಕೊಂಡು ಚೈತ್ರಾಳ ಎಲೆ ನೋಡತೊಡಗಿದರು.

ಹುಡುಗಿ ಉಣ್ಣಲು ಶುರು ಮಾಡಿದಳು. ಮೊದಲು ಮನಸ್ಸಿಲ್ಲದೆ ನಿಧಾನ. ಆಮೇಲೆ ಆಮೇಲೆ ನನಗೆ ಗೊತ್ತಾಯಿತು, ಇವಳು ಬೇಕೆಂದೇ ನಿಧಾನ. ಅಗುಳು ಅಗುಳಾಗಿ ಆರಿಸಿ ಬಾಯಿಗಿಡುತ್ತಾಳೆ. ತಂಬುಳಿ ಇನ್ನೊಂದು ಸ್ವಲ್ಪ ಅಂತ ಕೇಳಿ ಹಾಕಿಸಿಕೊಂಡಳು. ನನಗೆ ನಗು ತಡೆಯಲಾಗದೆ ಮಜ್ಜಿಗೆ ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಗೋಡೆಯ ಗಡಿಯಾರದಲ್ಲಿ ಒಂದೂವರೆ ಆಯಿತು. ಗೌಡರು ಉಸಿರುಬಿಟ್ಟು, ಇನ್ನು ಮೂರು ಗಂಟೆ ತನಕ ಒಳ್ಳೆ ಮಾತು ಆಡುವ ಹಾಗಿಲ್ಲ ಅಂದರು.

ಒಳ್ಳೆ ಮಾತು ಆಡುವ ಹಾಗಿಲ್ಲದಿದ್ದರೆ ಸುಮ್ಮನೆ ಮಾತಾಡಬಹುದಲ್ಲ. ಹುಡುಗನ ಅಮ್ಮ ಆಸ್ಪತ್ರೆಯ ಸುದ್ದಿ ಕೇಳಿದರು. ಹೆರಿಗೆ ವಾರ್ಡಿನಲ್ಲಿ ಏನು ಕೆಲಸ, ಸೂಜಿ ಚುಚ್ಚಲು ಮೊದಲು ಕೈ ನಡುಗಿತ್ತಾ ಅಂತೆಲ್ಲ. ಚೈತ್ರಾ ಹೇಳುತ್ತ ಹೋದಳು. ಎಲೆಯ ಮೇಲೆ ಬಗ್ಗಿದ್ದ ತಲೆ ಮೇಲೆದ್ದಿತು. ಓದು ಇನ್ನೆಷ್ಟು ಉಳಿದಿದೆ ಅಂತ ಅವರು ಕೇಳಿದಾಗ ಉತ್ತರ ತಯಾರಾಗಿಯೇ ಇತ್ತು.

‘ಒಂದು ವರ್ಷ. ಅದನ್ನ ಮುಗಿಸಿಯೇ ಮದ್ವೆ ಆಗ್ತೀನಿ. ನಡುವೆ ಬಿಡಲ್ಲ.’

ರವಿಯ ಮುಖ ಕಪ್ಪಾಯಿತು. ಮದುವೆ ಮಾಡಿಕೊಂಡು ಓದಲಿ, ನಾವೇನು ಬೇಡ ಅನ್ನುತ್ತೇವಾ ಅಂದರು ಗೌಡರು. ಆಗ ನಾನು ಲೋಟ ಕೆಳಗಿಟ್ಟೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಈ ವಿಷಯದಲ್ಲಿ ಮಾತಾಡುವ ಹಕ್ಕು ಎಲ್ಲರಿಗಿಂತ ಜಾಸ್ತಿ.

‘ಮದ್ವೆ ಆದ್ಮೇಲೆ ಓದ್ತೀನಿ ಅಂದೋರು ನಮ್ಮೂರಲ್ಲಿ ಸುಮಾರು ಜನ ಇದಾರೆ ಗೌಡ್ರೇ. ಓದಿದೋರನ್ನ ನಾ ಇನ್ನೂ ನೋಡಿಲ್ಲ.’

ಆ ಹೊತ್ತಿಗೆ ಜಲಜಕ್ಕ ತೊಡೆದೇವು ತಂದರು. ಕಾದ ಮಡಕೆಯನ್ನು ಕವುಚಿ, ಅದರ ಬೆನ್ನಿಗೆ ಅಕ್ಕಿ ಮತ್ತು ಕಬ್ಬಿನ ಹಾಲಿನ ಹಿಟ್ಟನ್ನು ಬಟ್ಟೆಯಲ್ಲಿ ಸವರಿ ಎಬ್ಬಿಸುವ ಸಿಹಿ ಅದು, ಕಾಗದದಷ್ಟು ತೆಳು. ಅದಕ್ಕೆ ತುಪ್ಪ ಹಾಕುತ್ತ ಮೇಜಿನ ಉದ್ದಕ್ಕೂ ಬಂದರು. ಹುಡುಗ ಅಷ್ಟು ಹೊತ್ತಿನ ತನಕ ಒಂದು ಮಾತೂ ಆಡಿರಲಿಲ್ಲ. ತೊಡೆದೇವು ಮುರಿಯುತ್ತ ಅವರಪ್ಪನಿಗೆ ಹೇಳಿದ:

‘ನಂಗೇನೂ ಅವಸರ ಇಲ್ಲಪ್ಪ. ಒಂದು ವರ್ಷ ತಾನೇ, ಕಾಯ್ತೀನಿ.’

ಜಲಜಕ್ಕ ಅವನ ಎಲೆಗೆ ಕೇಳದೆಯೇ ಇನ್ನೊಂದು ತೊಡೆದೇವು ಹಾಕಿದರು. ಮೂರು ಗಂಟೆ ಕಳೆದ ಮೇಲೆ ಅದೇ ಮೇಜಿನ ಮೇಲೆ ವೀಳ್ಯ ಬದಲಾಯಿತು. ಓದು ಮುಗಿದ ಮೇಲೆ ಮದುವೆ ಅಂತ ಗೌಡರೇ ಬಾಯಿಬಿಟ್ಟು ಹೇಳಿದರು.

ಆ ಒಂದು ವರ್ಷ ಚೈತ್ರಾ ಹಾಸ್ಟೆಲ್ ಊಟ ಬೇಜಾರಾದಾಗಲೆಲ್ಲ ಜಲಜಕ್ಕನ ಬೆಂಚಿನಲ್ಲೇ. ಅವಳನ್ನು ನೋಡುವ ನೆವದಲ್ಲಿ ನಾನೂ ಹೋಗುತ್ತಿದ್ದೆ. ಜಲಜಕ್ಕ ಕೂತದ್ದನ್ನು ನಾನು ನೋಡಿಯೇ ಇಲ್ಲ. ಮಾತಾಡುವುದೂ ನಿಂತುಕೊಂಡೇ, ತಾನು ಉಣ್ಣುವುದೂ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡೇ. ಕೂತರೆ ಎಲೆ ಕಾಣಿಸುವುದಿಲ್ಲ ಅನ್ನುತ್ತಿದ್ದರು. ಒಂದು ಸಲ ನಾನು ಅಪ್ಪೆಹುಳಿಯ ಹದ ಕೇಳಿದೆ. ಹೇಳಿದರು, ಆದರೆ ಕೊನೆಗೆ, ‘ನಿಮ್ಮನೇಲಿ ನಿಮ್ಮ ಕೈದೇ ಆಗ್ತು, ನಂದು ತಿನ್ನೂಕೆ ಇಲ್ಲಿಗೇ ಬರಕ್ಕು’ ಅಂದರು. ಆ ಗತ್ತು ನನಗೆ ಬಹಳ ಹಿಡಿಸಿತು. ಆ ಗುರುವಾರ ಅವರಿಂದ ಆದ ಉಪಕಾರ ಮಾತ್ರ ನಾವು ಅವರಿಗೆ ಹೇಳಿರಲಿಲ್ಲ. ಚೈತ್ರಾಗೆ ನಾಚಿಕೆ.

ಈಗ ಆ ಬಾಗಿಲು ಮುಚ್ಚಿದೆ. ಜಲಜಕ್ಕ ಶಿರಸಿ ಕಡೆ ತಂಗಿಯ ಮನೆ ಸೇರಿದ್ದಾರೆ. ಬೋರ್ಡು ಇನ್ನೂ ಇದೆ. ಕಾರಿನವರು ಗಲ್ಲಿಗೆ ಬಂದು, ಫೋನು ನೋಡಿ, ಬೀಗ ನೋಡಿ ಹೋಗುತ್ತಾರೆ. ಬೀಗ ಹಾಕಿಸಿದವಳು ಯಾರು ಅಂದರೆ ನನ್ನ ಮೊಮ್ಮಗಳೇ.

ಚೈತ್ರಾ ಓದು ಮುಗಿಸಿದಳು, ಮದುವೆಯಾದಳು, ಸಾಗರದಲ್ಲೇ ಆಸ್ಪತ್ರೆಗೆ ಸೇರಿದಳು. ಹೆಣ್ಣು ಮಗು ಹುಟ್ಟಿತು. ನಾನು ಮುತ್ತಜ್ಜಿಯಾದೆ. ಆ ಸಂತೋಷ ತಡೆಯಲಾರದೆ ಮಗುವನ್ನು ಎತ್ತಿಕೊಂಡು, ಚೈತ್ರಾಳನ್ನೂ ಕರೆದುಕೊಂಡು ಜಲಜಕ್ಕನಲ್ಲಿಗೆ ಹೋದೆ. ಊಟದ ಹೊತ್ತು ಕಳೆದು ಕೋಣೆ ಖಾಲಿಯಿತ್ತು. ಎಲ್ಲ ಹೇಳಿದೆ. ನೀವು ಅವತ್ತು ಏಳಬೇಡಿ ಅನ್ನದಿದ್ದರೆ ಇವಳ ಓದು ಅಲ್ಲಿಗೇ ಮುಗಿಯುತ್ತಿತ್ತು ಅಂದೆ. ಅವರಿಗೆ ಹಾಗೆ ಅಂದ ನೆನಪೇ ಇಲ್ಲ. ಎಷ್ಟೋ ಹೊತ್ತು ಯೋಚಿಸಿ, ‘ತೊಡೆದೇವು ಹಾಕೂದು ಬಾಕಿ ಇದ್ದಿಕ್ಕು. ಅದ್ಕೇ ತಡೆದಿರಕ್ಕು’ ಅಂದು ನಕ್ಕುಬಿಟ್ಟರು.

ಅವರು ಮುಂದೆ ಬಂದು ಮಗುವನ್ನು ಎತ್ತಿಕೊಂಡಾಗ ಚೈತ್ರಾಳ ಕಣ್ಣು ಅವರ ಊದಿದ ಪಾದಕ್ಕೆ ಹೋಯಿತು. ಬಗ್ಗಿ ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಬಿತ್ತು, ಮೇಲೇಳಲಿಲ್ಲ. ಮಳೆಗಾಲಕ್ಕೆ ಹೀಗೇ ಆಗುತ್ತದೆ ಅಂತ ಜಲಜಕ್ಕ ಸೀರೆ ಎಳೆದುಕೊಂಡರು.

‘ಮಳೆಗಾಲಕ್ಕಲ್ಲ. ಬಿಪಿ ಯಾವಾಗ ನೋಡ್ಸಿದ್ದು?’

‘ನೋಡ್ಸಿದ್ದಿಲ್ಲೆ.’

‘ಒಲೆ ಆರ್ಸಿ. ಈಗ್ಲೇ ನನ್ ಜೊತೆ ಬರ್ಬೇಕು.’

‘ಸಂಜೆಗೆ ಜನ ಬತ್ತ ಕೂಸೆ.’

‘ಬರ್ಲಿ. ಬಾಗಿಲು ಹಾಕಿದ್ದು ನೋಡಿ ಹೋಗ್ತಾರೆ.’

ಆ ದನಿ ನಾನು ಹಿಂದೆ ಕೇಳಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಸೆರಗು ಹಿಡಿದುಕೊಂಡವಳೇ ಇವಳು? ಜಲಜಕ್ಕ ಒಂದು ಸಲ ಒಲೆ ನೋಡಿದರು, ಒಂದು ಸಲ ಅವಳ ಮುಖ ನೋಡಿದರು. ಆಮೇಲೆ ಮಗುವನ್ನು ನನಗೆ ಕೊಟ್ಟು ಸುಮ್ಮನೆ ಒಳಗೆ ಹೋಗಿ ಗ್ಯಾಸು ಬಂದ್ ಮಾಡಿ ಬಂದರು. ಹೃದಯ ದಣಿದಿದೆ, ಇನ್ನು ನಿಂತು ಮಾಡುವ ಕೆಲಸ ಬೇಡ, ಇನ್ನೂ ಸ್ವಲ್ಪ ದಿನ ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಅಂತ ಆಮೇಲೆ ಡಾಕ್ಟರು ಹೇಳಿದರು.

ಅವತ್ತು ಆಸ್ಪತ್ರೆಗೆ ಹೋಗಲು ಗಲ್ಲಿಯಲ್ಲಿ ನಡೆಯುವಾಗ ಚೈತ್ರಾ ಅವರ ತೋಳು ಹಿಡಿದುಕೊಂಡು ಮುಂದೆ, ನಾನು ಮಗುವನ್ನು ಎತ್ತಿಕೊಂಡು ಹಿಂದೆ. ಬೇಗ ಹೆಜ್ಜೆ ಹಾಕಬೇಡಿ, ಉಸಿರು ತಗೊಳ್ಳಿ ಅಂತ ಅವಳು ಗದರುತ್ತಲೇ ಇದ್ದಳು. ಗಲ್ಲಿಯ ತುದಿಯಲ್ಲಿ ಜಲಜಕ್ಕ ನಿಂತು ನನ್ನ ಕಡೆ ತಿರುಗಿದರು.

‘ನಿಮ್ಮ ಮೊಮ್ಮಗಳು ಬಾರೀ ಜೋರಿದ್ದು ಮಾರಾಯ್ತಿ.’

ಹೌದು ಅಂದೆ. ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಬೀದಿಯವರಿಗೂ ಕೇಳಿಸಲಿ ಅಂತ ಇನ್ನೊಂದು ಸಲ ಹೌದು ಅಂದೆ.