ತಲಕಾಡಿನ ಲೆಕ್ಕದಲ್ಲೇ ಉಳಿದಿದ್ದ ಮಹದೇವಮ್ಮ

ಗೆಳೆಯರೇ, ಇವತ್ತು ಸಾಕುಸಾಕಾಯಿತು. ನಂಜನಗೂಡಿನ ನಮ್ಮ ಆಸ್ಪತ್ರೆಯ ಕಂಪ್ಯೂಟರ್ ನಿಧಾನವೆಂದು ರೋಗಿಗಳ ದೊಡ್ಡ ಪಟ್ಟಿಯನ್ನು ಊರು ಮತ್ತು ವರ್ಷದ ಪ್ರಕಾರ ತುಂಡು ಮಾಡಿದ್ದಾರೆ. ಎರಡೂ ಸರಿಯಾಗಿ ಒತ್ತಿದರಷ್ಟೇ ಹೆಸರು ಸಿಗುತ್ತದೆ.

ಬೆಳಿಗ್ಗೆ ಹೆಡತಲೆ ಊರಿನ ಮಹದೇವಮ್ಮ ಜ್ವರವೆಂದು ಬಂದರು. ಹಿಂದೊಮ್ಮೆ ಇಲ್ಲೇ ಯಾವುದೋ ಇಂಜೆಕ್ಷನ್‌ಗೆ ಮೈಯೆಲ್ಲ ಊದಿತ್ತಂತೆ. ಯಾವುದೆಂದು ತಿಳಿಯದೆ ಡಾಕ್ಟರು ಸೂಜಿ ಕೆಳಗಿಟ್ಟರು. ಪಟ್ಟಿ ನೋಡುವ ಗುಮಾಸ್ತ ನಾನೇ. ಹೆಡತಲೆಯ ಎಲ್ಲ ವರ್ಷಗಳನ್ನೂ ಹುಡುಕಿದೆ, ಅವರ ಹೆಸರು ಸಿಗಲಿಲ್ಲ.

“ಇಲ್ಲಿಗೇ ಬಂದಿದ್ರೇನಮ್ಮ?”

“ಬಂದಿದ್ದೆ ಕಣಣ್ಣ. ಆಗಿನ್ನೂ ಮದ್ವೆ ಆಗಿರ್ನಿಲ್ಲ, ತಲಕಾಡಲ್ಲಿದ್ದೆ.”

ಯಾವ ವರ್ಷವೆಂದು ಕೇಳಿಕೊಂಡು ತಲಕಾಡು ಎಂದು ಒತ್ತಿದೆ, ಕೂಡಲೇ ಹೆಸರು ಸಿಕ್ಕಿತು, ಮೈ ಊದಿಸಿದ ಇಂಜೆಕ್ಷನ್ ಯಾವುದೆಂದೂ ಅದರಲ್ಲಿತ್ತು. ಡಾಕ್ಟರು ಅದನ್ನು ಬಿಟ್ಟು ಬೇರೆ ಔಷಧಿ ಕೊಟ್ಟರು.

ಪಟ್ಟಿ ಒಡೆದ ಎಂಜಿನಿಯರಿಗೆ ಫೋನ್ ಮಾಡಿದೆ. “ಊರು ಬದಲಾಗಲ್ಲ ಅಂದ್ಕೊಂಡಿದ್ವಿ ಸಾರ್” ಎಂದರು. ಅವರ ಕಡೆ ಹೆಣ್ಣುಮಕ್ಕಳು ಮದುವೆಯಾಗಿ ಗಂಡನೂರಿಗೆ ಹೋಗುವುದಿಲ್ಲವೇನೋ!