ಯಂಕಣ್ಣನ ಗಾಡಿಯ ನೀಲಿ ಹೊಗೆ

ಕೆಂಭಾವಿಯ ಸಂತೆ ದಾರಿಯಲ್ಲಿ ಯಂಕಣ್ಣನ ಡೀಸೆಲ್ ಅಂಬಾಸಿಡರ್ ಹಾದುಹೋದರೆ ಜನ ಮೂಗು ಮುಚ್ಚಿಕೊಳ್ಳುವ ಕಾಲ ಬಂದಿತ್ತು. ಗಾಡಿ ಮುಂದೆ ಹೋದರೂ ನೀಲಿ ಹೊಗೆ ಹಿಂದೆಯೇ ನಿಂತು ಅದರ ಸುದ್ದಿ ಹೇಳುತ್ತಿತ್ತು.

‘ಯಂಕಣ್ಣಾ, ನಿನ್ನ ಗಾಡಿ ಬೀಡಿ ಸೇದೂದು ಯಾವಾಗ ಕಲೀತೋ?’ ಎಂದು ಭಜಿ ಅಂಗಡಿಯ ಸಾಯಬಮ್ಮ ಕೂಗುತ್ತಿದ್ದಳು.

‘ನಿನ್ನ ಒಲಿ ನೋಡಿ ಕಲ್ತದ ಬೇ!’

ಬಾಯಿ ಜೋರಿತ್ತು, ಎದೆಯಲ್ಲಿ ಮಾತ್ರ ಅಳುಕು. ಸುರಪುರದ ಗ್ಯಾರೇಜಿನ ಶಿವರಾಜ ಹೊಗೆ ನೋಡಿದ ಕೂಡಲೇ ಹೇಳಿಬಿಟ್ಟಿದ್ದ: ‘ಕಾಕಾ, ನೀಲಿ ಹೊಗಿ ಅಂದ್ರ ಎಣ್ಣಿ ಸುಡಾಕತ್ತದ. ಪಿಸ್ಟನ್ನಿನ ರಿಂಗು ಸವದಾವ. ಇಂಜಿನ್ನು ಬಿಚ್ಚಿದ್ರ ಸಾಮಾನು ಸಿಗಂಗಿಲ್ಲ. ಗುಜರಿಗಿ ಕೊಟ್ಟು ಕೈ ತೊಳ್ಕೊ.’ ಯಾದಗಿರಿಯ ಗುಜರಿಯವನು ಮರುದಿನ ಬೆಳಿಗ್ಗೆ ಬರುವವನಿದ್ದ. ಯಂಕಣ್ಣ ಫೋನಿನಲ್ಲಿ ಹೂಂ ಅಂದಿದ್ದ.

ಕಕ್ಕೇರಾದ ಕೂಲಿಯವರ ಮಗ ಯಂಕಣ್ಣ. ಲಾರಿಯ ಕ್ಲೀನರನಾಗಿ ಟಯರು ಒದ್ದು, ಬೈಗುಳ ತಿಂದು, ಕಡೆಗೆ ತೊಗರಿ ಸಾಹುಕಾರನೊಬ್ಬನ ಕಾರಿಗೆ ಡ್ರೈವರ್ ಆದ. ಸಾಹುಕಾರ ಹೊಸ ಕಾರು ತಂದಾಗ ಹಳೆಯದನ್ನು ಇವನ ಕೈಗೆ ಹಾಕಿದ. ಅದು ಮದುಮಕ್ಕಳನ್ನು ಹೊತ್ತಿತು, ಬಾಣಂತಿಯರನ್ನು ಹೊತ್ತಿತು. ಶಹಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಹಿಂದಿನ ಸೀಟಿನಲ್ಲಿ ಹುಟ್ಟಿದ ದಾನೇಶ್ವರಿ ಈಗ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬಿಡಿ ಎಂದು ಜನ ರಸ್ತೆಗಿಳಿದ ವರ್ಷ ಮೈಕು ಕಟ್ಟಿದ್ದು ಇದರ ನೆತ್ತಿಗೇ. ಪೊಲೀಸರ ಲಾಠಿ ಬಿದ್ದು ಬಾನೆಟ್ಟಿನಲ್ಲಿ ತಗ್ಗು ಬಿತ್ತು. ಆ ತಗ್ಗು ಎತ್ತಿಸಲು ಯಂಕಣ್ಣ ಇವತ್ತಿಗೂ ಒಪ್ಪಿಲ್ಲ. ‘ಸರಕಾರ ನನಗ ಮಾಡಿದ ಸನ್ಮಾನ ಅದೊಂದೇ’ ಎನ್ನುತ್ತಾನೆ.

ಆದರೆ ಅವನಿಗೆ ಗಾಡಿ ಬೇಕಾಗಿದ್ದು ಈ ಹಳೆಯ ಕತೆಗಳಿಗಾಗಿ ಅಲ್ಲ. ಹೆಂಡತಿ ಮರಿಲಿಂಗಮ್ಮನ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತುವುದಿಲ್ಲ. ಅವಳ ಅಕ್ಕ ಸುಗಲಮ್ಮ ಕಕ್ಕೇರಾದಲ್ಲಿ ಹಾಸಿಗೆ ಹಿಡಿದಿದ್ದಾಳೆ. ವಾರಕ್ಕೊಮ್ಮೆ ಹೋಗಿ ಅಕ್ಕನ ತಲೆಗೆ ನೀರು ಹಾಕಿ, ಹೇನು ಬಾಚಿ, ಜಡೆ ಹೆಣೆದು ಬಂದರೆ ಮಾತ್ರ ಇವಳಿಗೆ ನಿದ್ದೆ. ಗಾಡಿ ಹೋದರೆ ಅದೂ ಹೋದಂತೆ. ಮರಿಲಿಂಗಮ್ಮ ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಯಂಕಣ್ಣನನ್ನು ಕೊರೆಯುತ್ತಿದ್ದುದು ಅದೇ.

‘ಕೊನೀ ಸಲ ಶಾಂತಪ್ಪಗ ತೋರಿಸಿ ಬರ್ತೀನಿ’ ಎಂದು ಅವನು ಎದ್ದರೆ, ಅವಳೂ ಬಂದು ಹಿಂದಿನ ಸೀಟಿನಲ್ಲಿ ಕುಳಿತಳು.

ಶಾಂತಪ್ಪ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಜೀಪುಗಳನ್ನು ರಿಪೇರಿ ಮಾಡುತ್ತಲೇ ಮುದುಕನಾದವನು, ಯಂಕಣ್ಣನ ಹಳೆಯ ದೋಸ್ತ. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು, ಇಂಜಿನ್ ಚಾಲೂ ಇಡಿಸಿ, ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತ.

‘ಲೇ ಯಂಕ್ಯಾ, ಮುಂಜಾನಿ ಚಾಲೂ ಮಾಡ್ದಾಗ ಒಮ್ಮೆ ಬುಸ್ ಅಂದು ನಿಲ್ತದೋ, ಓಡಾಗ ಪೂರಾ ಬರ್ತದೋ?’

‘ಓಡಾಗ ಪೂರಾ. ಏರು ಹತ್ತಾಗ ಇನ್ನೂ ಜಾಸ್ತಿ.’

‘ಕರ್ರಗ ಬಂದಿದ್ರ ಗಾಳಿ ಸಾಲಂಗಿಲ್ಲ ಅಂತಿದ್ದೆ. ಬೆಳ್ಳಗ ಬಂದು ರೇಡಿಯೇಟರ್ ನೀರು ಕಮ್ಮಿ ಆಗಿದ್ರ ಗ್ಯಾಸ್ಕೆಟ್ ಹೋಗ್ಯಾದ ಅಂತಿದ್ದೆ. ಇದು ನೀಲಿ. ಶಿವರಾಜ ಖರೇನೇ ಹೇಳ್ಯಾನ. ಎಣ್ಣಿ ಸುಡಾಕತ್ತದ.’

ಯಂಕಣ್ಣನ ಮುಖ ಇಳಿಯಿತು. ಶಾಂತಪ್ಪ ಇಂಜಿನ್ ಬಂದ್ ಮಾಡಿಸಿ, ಸ್ವಲ್ಪ ಹೊತ್ತು ಬಿಟ್ಟು ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಒರೆಸಿ ಮತ್ತೆ ಅದ್ದಿ ನೋಡಿದ.

‘ಇಂಜಿನ್ ಎಣ್ಣಿ ಯಾವಾಗ ಹಾಕ್ಸಿದಿ?’

‘ಉಗಾದಿ ಮುಂದ. ಆಮ್ಯಾಲ ಹನಿನೂ ಹಾಕಿಲ್ಲ.’

‘ಮತ್ತ ಪೂರಾ ಅದಲ್ಲೋ! ರಿಂಗು ಸವದಿದ್ರ ಇಷ್ಟೊತ್ತಿಗಿ ಇದು ಒಣಗಬೇಕಿತ್ತು. ಡಬ್ಬಿ ಎಣ್ಣಿ ಡಬ್ಬಿನಾಗೇ ಅದ, ಒಲಿ ಮ್ಯಾಲ ಭಜಿನೂ ಕರಿಯಾಕತ್ತಾರ. ಆ ಎಣ್ಣಿ ಯಾರ ಮನೀದು?’ ಶಾಂತಪ್ಪ ಮೂಗೆಳೆದ. ‘ಹೊಗಿ ವಾಸನಿನೂ ಭಜಿದೇ ಅದ. ಯಾವಾಗಿಂದ ಸುರು ಆತು?’

ಉತ್ತರ ಹಿಂದಿನ ಸೀಟಿನಿಂದ ಬಂತು. ‘ಇವರ ಕಣ್ಣಿನ ಪೊರಿ ಆಪರೇಷನ್ ಆದ ಮ್ಯಾಲ, ಅಣ್ಣಾ. ಅಮಾಸಿ ಆದ ಮ್ಯಾಲ ಒಂದೆರಡು ದಿನ ಭಾಳ, ಆಮ್ಯಾಲ ಕಮ್ಮಿ. ಮತ್ತ ಅಮಾಸಿ, ಮತ್ತ ಜಾಸ್ತಿ. ದೃಷ್ಟಿ ಆಗ್ಯಾದ ಅಂತ ನಾ ಪೂಜಿನೂ ಜೋರ್ ಮಾಡ್ದೆ.’

‘ಏನೇನ್ ಮಾಡ್ದಿ ತಂಗಿ?’

‘ಗಾಡಿ ತೊಳ್ದು, ಕುಂಕುಮ ಹಚ್ಚಿ, ಟೆಂಗಿನಕಾಯಿ ಒಡ್ದು... ಕಡೀಕ ಎಣ್ಣಿ.’

ಶಾಂತಪ್ಪ ತಿರುಗಿ ಇಂಜಿನ್ನಿನ ಮೇಲಿದ್ದ ದುಂಡನೆಯ ಡಬ್ಬಿಯ ತಿರುಪು ಬಿಚ್ಚಿದ. ಹಳೇ ಗಾಡಿಗಳಲ್ಲಿ ಇಂಜಿನ್ನು ಉಸಿರೆಳೆಯುವುದು ಈ ಡಬ್ಬಿಯ ಮೂಲಕ. ತಳದ ಬಟ್ಟಲಲ್ಲಿ ಗೆರೆಯ ತನಕ ಎಣ್ಣೆ ಇರಬೇಕು, ಧೂಳು ಅದರಲ್ಲಿ ಸಿಕ್ಕಿಬೀಳಬೇಕು. ಇಲ್ಲಿ ಗೆರೆಯೇ ಕಾಣಲಿಲ್ಲ. ಅಂಚಿನ ತನಕ ಕುಸುಬಿ ಎಣ್ಣೆ, ಅದರ ಮೇಲೆ ಒಂದು ಚೆಂಡುಹೂವಿನ ಎಸಳು. ಹೆಚ್ಚಾದ ಎಣ್ಣೆಯನ್ನು ಇಂಜಿನ್ನು ಗಾಳಿಯ ಜೊತೆಗೇ ಎಳೆದು ಸುಡುತ್ತಿತ್ತು.

ಮರಿಲಿಂಗಮ್ಮ ಮೆಲ್ಲಗೆ ಇಳಿದು ಬಂದು ಬಟ್ಟಲೊಳಗೆ ಇಣುಕಿದಳು.

‘ಡಾಕ್ಟರ್ ಇವರಿಗಿ ಬಗ್ಗಬ್ಯಾಡ ಅಂದಿದ್ರು’ ಮರಿಲಿಂಗಮ್ಮ ಸೆರಗಿನ ತುದಿ ತಿರುವುತ್ತಾ ಹೇಳಿದಳು. ‘ಈ ಬಟ್ಟಲದಾಗ ಎಣ್ಣಿ ಇದ್ರ ಧೂಳು ಗಾಡಿ ಎದಿಗಿ ಹೋಗಂಗಿಲ್ಲ ಅಂತ ಇವರೇ ಹಿಂದೊಮ್ಮೆ ತೋರ್ಸಿದ್ರು. ಅದಕ್ಕ ದೀಪಕ್ಕ ಹಾಕಿ ಉಳ್ದಿದ್ದು ಇದಕ್ಕ ಹಾಕ್ತಿದ್ದೆ. ಹೊಗಿ ಜಾಸ್ತಿ ಆದಂಗ ಎಣ್ಣಿ ಸಾಲ್ದಾಗ್ಯಾದ ಅಂತ ಇನ್ನಷ್ಟು...’

ಬೈಯಲೆಂದು ಯಂಕಣ್ಣ ಬಾಯಿ ತೆರೆದ. ಬಂದದ್ದು ಬೇರೆಯೇ ಮಾತು. ‘ಅದಕ್ಕೇನಬೇ ಮನ್ಯಾಗ ಬದನಿಕಾಯಿ ಪಲ್ಯ ಒಣ ಒಣ ಆಗಿತ್ತು?’

‘ನೀವೂ ಏನೂ ಅನ್ಲಿಲ್ಲಲ್ರಿ.’

‘ನಿನಗ ಕಾಲು ನೋವು, ಒಲಿ ಮುಂದ ನಿಂತು ಮಾಡೂದೇ ಹೆಚ್ಚಿಗಿ ಅಂತ ನುಂಗಿದೆ.’

‘ಇಬ್ಬರೂ ಕೂಡೇ ಹುಚ್ಚಾಗೀರಿ’ ಶಾಂತಪ್ಪ ಬಟ್ಟಲನ್ನು ಬೇವಿನ ಬುಡಕ್ಕೆ ಬಗ್ಗಿಸಿದ. ‘ಇನ್ನ ಸ್ವಲ್ಪ ಹೆಚ್ಚಿಗಿ ಎಳ್ದಿದ್ರ ಇಂಜಿನ್ನು ಬಂದ್ ಮಾಡಿದ್ರೂ ನಿಲ್ಲದ ಆ ಎಣ್ಣಿ ಮ್ಯಾಲೇ ಓಡಿ, ಚೀರಿ ಒಡೀತಿತ್ತು. ಪುಣ್ಯಾ ಮಾಡೀರಿ.’

ಬಟ್ಟಲನ್ನೂ ಡಬ್ಬಿಯೊಳಗಿನ ತಂತಿ ಜಾಳಿಗೆಯನ್ನೂ ಡೀಸೆಲ್ಲಿನಲ್ಲಿ ತೊಳೆದು, ಗೆರೆಯ ತನಕ ಇಂಜಿನ್ ಎಣ್ಣೆ ಸುರಿದು ಮುಚ್ಚಿದ. ಗಾಡಿ ಚಾಲೂ ಆಯಿತು. ಒಳಗೆ ಅಂಟಿದ್ದ ಎಣ್ಣೆ ಸುಟ್ಟು ಮುಗಿಯುವ ತನಕ ನೀಲಿ ಹೊಗೆ ಬಂತು. ಕ್ಯಾಂಪಿನ ಏರು ಹತ್ತಿ ಇಳಿದು ಬರುವಷ್ಟರಲ್ಲಿ ತೆಳುವಾಯಿತು, ಆಮೇಲೆ ಇಲ್ಲವಾಯಿತು. ಯಂಕಣ್ಣ ಇಳಿದು ಹೋಗಿ ಹೊಗೆ ಕೊಳವೆಯ ಹಿಂದೆ ನಿಂತ. ಆಪರೇಷನ್ ಆದ ಕಣ್ಣಿಗೆ ಹೊಗೆಯೇ ತಾಗದಿದ್ದರೂ ನೀರು ಬಂದಿತ್ತು. ಒರೆಸಿಕೊಂಡು ಗುಜರಿಯವನಿಗೆ ಫೋನು ಮಾಡಿದ.

‘ಬರಬ್ಯಾಡ್ರಿ. ಗಾಡಿಗಿ ಕೆಲಸ ಅದ.’

ಮುಂದಿನ ಅಮವಾಸ್ಯೆಗೆ ಪೂಜೆಯ ತಟ್ಟೆಯಲ್ಲಿ ತೆಂಗಿನಕಾಯಿಯ ಪಕ್ಕದಲ್ಲಿ ಇಂಜಿನ್ ಎಣ್ಣೆಯ ಬಾಟಲಿ ಇತ್ತು. ಇಟ್ಟವನು ಯಂಕಣ್ಣನೇ. ಅವಳ ಕೈಯಿಂದ ಆ ಕೆಲಸ ಕಸಿಯುವ ಮನಸ್ಸು ಅವನಿಗಾಗಲಿಲ್ಲ. ಡಬ್ಬಿ ಬಿಚ್ಚಿಕೊಟ್ಟು, ಅವಳ ತೋಳು ಹಿಡಿದು ನಿಂತ.

‘ಗೆರಿ ತನಕ ಅಷ್ಟೇ.’

‘ಒಂದ್ ಹನಿ?’

‘ಗೆರಿ ಮುಟ್ಯಾದ. ಸಾಕಂದ್ರ ಸಾಕು.’

ಕಾಯಿ ಒಡೆದು ಇಬ್ಬರೂ ಕಕ್ಕೇರಾದ ಕಡೆ ಹೊರಟರು. ಬಾಚಣಿಗೆ ಮರಿಲಿಂಗಮ್ಮನ ಸೆರಗಿನ ಗಂಟಿನಲ್ಲಿತ್ತು. ಮಡಿಲಲ್ಲಿ ಅಕ್ಕನಿಗೆಂದು ಕಟ್ಟಿಕೊಂಡ ಬದನೆಕಾಯಿ ಪಲ್ಯದ ಡಬ್ಬಿ. ರಸ್ತೆಯ ತಗ್ಗಿಗೊಮ್ಮೆ ಗಾಡಿ ಜಿಗಿದಾಗ ಮುಚ್ಚಳದ ಸಂದಿಯಿಂದ ಎಣ್ಣೆ ಇಳಿದು ಅವಳ ಸೀರೆಗೆ ಕಲೆಯಾಯಿತು.