ಗರೋಸದಲ್ಲಿ ಕಡಲೆಕಾಯಿ

ಕುರಾಸೊ ದ್ವೀಪದಲ್ಲಿ ಯಹೂದಿಗಳ ಪೆಸಾಹ್ ಹಬ್ಬ ಹತ್ತಿರ ಬಂತೆಂದರೆ ಬೆನ್ವೆನೀಡಳ ಒರಳಿನ ಸದ್ದು ಓಣಿಯ ತುದಿಗೂ ಕೇಳುತ್ತಿತ್ತು. ಹುರಿದ ಕಡಲೆಕಾಯಿ, ಖರ್ಜೂರ, ಅಂಜೂರ ಕುಟ್ಟಿ, ಹುಣಸೆ ರಸ, ಜೇನು, ದ್ರಾಕ್ಷಾರಸ ಬೆರೆಸಿ ಉಂಡೆ ಕಟ್ಟಿ, ದಾಲ್ಚಿನ್ನಿ ಪುಡಿಯಲ್ಲಿ ಹೊರಳಿಸುವಳು. ಅದೇ ಗರೋಸ. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಹಿರಿಯರು ಇಟ್ಟಿಗೆಗೆಂದು ಕಲಸಿದ ಮಣ್ಣಿನ ನೆನಪು.

"ಮಣ್ಣಾದ್ರೆ ಸಿಹಿ ಯಾಕಜ್ಜೀ?" ಎಂದು ಚಿಕ್ಕಂದಿನಲ್ಲಿ ಕೇಳಿದ್ದಳು.

"ಬಿಡುಗಡೆ ಆದೋರ ಬಾಯಿಗೆ ಕಣೇ ಅದು. ಮಾತು ಸಾಕು, ಕುಟ್ಟು," ಎಂದು ಅಜ್ಜಿ ಕೈಗೆ ಒನಕೆ ಕೊಟ್ಟಿದ್ದಳು.

ಅಂದಿನಿಂದ ಐವತ್ತು ವರ್ಷ ಕುಟ್ಟಿದಳು. ಹಡಗುಕಟ್ಟೆಯ ಗುಮಾಸ್ತನಾಗಿದ್ದ ಗಂಡ ಬೇಗ ತೀರಿಕೊಂಡ. ಒಬ್ಬನೇ ಮಗ ಎಲಿಯಾಸನನ್ನು ಬಟ್ಟೆ ಹೊಲಿದು ಬೆಳೆಸಿದಳು. ಆ ಕಷ್ಟದ ವರ್ಷಗಳಲ್ಲೂ ನೆರೆಮನೆಗಳಿಗೆ ಉಂಡೆ ತಪ್ಪಿಸಲಿಲ್ಲ.

ಮಗನ ಮದುವೆಯಾದ ವರ್ಷ, ಹಬ್ಬದ ಸಂಜೆಯ ಊಟಕ್ಕೆ ಬೀಗರನ್ನು ಕರೆದಳು. ಬೀಗರಾದ ಲೈಬ್, ರೊಮೇನಿಯಾದಿಂದ ಬಂದ ಯಹೂದಿ, ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಮಾರಿ ಅಂಗಡಿ ಹಾಕಿದವರು. ಈ ಹಳೆಯ ಮನೆತನದವರು ತಮ್ಮ ಮಗಳನ್ನು ಕೀಳಾಗಿ ಕಂಡಾರೆಂಬ ಅನುಮಾನ ಅವರಿಗೆ ಇದ್ದೇ ಇತ್ತು.

ಅಂದು ಬೆಳಿಗ್ಗೆ ಉಂಡೆ ಕಟ್ಟಲು ಕೂತ ಸೊಸೆ ಫಾನಿ, ಮೂಲೆಯ ಸಿಪ್ಪೆ ರಾಶಿ ಕಂಡು ಕೈ ಹಿಂದೆಗೆದಳು.

"ಅತ್ತೆ, ಇದಕ್ಕೆ ಕಡ್ಲೆಕಾಯಿ ಹಾಕಿದೀರಾ?"

"ಹಾಕ್ದೆ ಇನ್ನೇನು?"

"ನಮ್ಮ ಕಡೆ ಈ ಎಂಟು ದಿನ ಅಕ್ಕಿ, ಬೇಳೆ, ಕಡ್ಲೆಕಾಯಿ ಏನೂ ಮುಟ್ಟಲ್ಲ. ಬೇಕಂತ್ಲೇ ಮಾಡಿದಾರೆ ಅಂತ ಅಪ್ಪ ಎದ್ದು ಹೋಗ್ತಾರೆ. ಆಮೇಲೆ ಈ ಮನೆ ಹೊಸ್ತಿಲು ತುಳಿಯಲ್ಲ."

"ಹುಳಿ ಬಂದ ರೊಟ್ಟಿ ಬೇಡ ಅಂದ ದೇವ್ರು. ಕಡ್ಲೆಕಾಯಿ ಏನು ಪಾಪ ಮಾಡಿತ್ತಮ್ಮಾ?"

ಫಾನಿ ನಗಲಿಲ್ಲ. ಕಣ್ಣು ತುಂಬಿಕೊಂಡಿತ್ತು. ಉಂಡೆಗಳನ್ನು ಬೀರುವಿನಲ್ಲಿ ಬಚ್ಚಿಟ್ಟರೆ ಆಗುತ್ತಿತ್ತು. ಆದರೆ ಅಜ್ಜಿಯ ಗರೋಸವಿಲ್ಲದ ಹಬ್ಬದ ಮೇಜನ್ನು ಬೆನ್ವೆನೀಡ ಕಂಡೇ ಇರಲಿಲ್ಲ. ಕೈ ಒರೆಸಿಕೊಂಡು ಕೇಳಿದಳು, "ನಿಮ್ಮಮ್ಮ ಹೇಗೆ ಮಾಡ್ತಿದ್ರು? ಹೇಳು."

ಸೇಬು, ಅಕ್ರೋಟು, ದ್ರಾಕ್ಷಾರಸ. ಎಲಿಯಾಸ್ ಬಂದರಿಗೆ ಓಡಿ, ಹಡಗಿನಲ್ಲಿ ಬಂದ ನಾಲ್ಕು ಸೇಬು ತಂದ. ಫಾನಿ ಹೊಸ ಬಟ್ಟಲಲ್ಲಿ ಹೆಚ್ಚಿ ಕಲಸಿದಳು.

ಸಂಜೆ ಮೇಜಿನ ಮೇಲೆ ಎರಡೂ ಇದ್ದವು, ದೂರ ದೂರ. ಲೈಬ್ ಉಂಡೆಗಳನ್ನೇ ದಿಟ್ಟಿಸಿದರು. ಅವರು ಬಾಯಿ ತೆರೆಯುವ ಮೊದಲೇ ಬೆನ್ವೆನೀಡ ಹೇಳಿದಳು:

"ಬೀಗ್ರೇ, ಆ ಉಂಡೇಲಿ ಕಡ್ಲೆಕಾಯಿ ಇದೆ. ನಮ್ಮಜ್ಜಿ ಕಾಲದ್ದು, ಬಿಡೋಕಾಗಲ್ಲ. ಈ ಬಟ್ಟಲು ನಿಮಗೆ, ನಿಮ್ಮ ಮಗಳು ಮಾಡಿದ್ದು. ಕೆಟ್ಟಿದ್ರೆ ಅವಳನ್ನೇ ಬೈರಿ."

ಲೈಬ್ ಕುರ್ಚಿ ಎಳೆದುಕೊಂಡು ಕೂತರು. ಬಿಡುಗಡೆಯ ಕಥೆ ಓದಿ ಮುಗಿದು, ವಾಡಿಕೆಯಂತೆ ಕಹಿ ಸೊಪ್ಪಿಗೆ ಸೇಬಿನದನ್ನು ಹಚ್ಚಿ ಬಾಯಿಗಿಟ್ಟವರು ಅಗಿಯುವುದನ್ನೇ ಮರೆತರು.

"ನಿಮ್ಮಮ್ಮ ಹೋಗಿ ಒಂಬತ್ತು ವರ್ಷ ಆಯ್ತಲ್ಲೇ ಫಾನಿ," ಎಂದರು.

ಹೊರಡುವಾಗ ಬಾಗಿಲಲ್ಲಿ ತಡೆದು ನಿಂತರು. "ಬೀಗಿತ್ತಿಯವ್ರೇ, ಆ ಉಂಡೆ ಒಂಬತ್ತನೇ ದಿನಕ್ಕೆ ಉಳಿಯುತ್ತಾ?"

"ಬರ್ತೀರಂದ್ರೆ ಉಳಿಯುತ್ತೆ. ತಡ ಮಾಡಿದ್ರೆ ನಿಮ್ಮ ಅಳಿಯ ನುಂಗ್ತಾನೆ."

ಒಂಬತ್ತನೇ ದಿನ, ಹಬ್ಬದ ನೇಮ ಮುಗಿದ ಬೆಳಿಗ್ಗೆ, ಬಂದರಿನ ತೇಲುಸೇತುವೆ ದಾಟಿ ಬಂದರು. ನಿಂತಲ್ಲೇ ಮೂರು ತಿಂದರು. ಆಮೇಲೆ ಬದುಕಿರುವ ತನಕ, ಹನ್ನೊಂದು ವರ್ಷ, ಆ ದಿನ ತಪ್ಪಲಿಲ್ಲ. ತಿಂದಾದ ಮೇಲೆ ಬಿಳಿ ಗಡ್ಡದ ತುಂಬ ದಾಲ್ಚಿನ್ನಿ. ಒರೆಸಿಕೊಳ್ಳಿ ಎಂದು ಬೆನ್ವೆನೀಡ ಒಮ್ಮೆಯೂ ಹೇಳಲಿಲ್ಲ.